ಬೇಳೆ ಬೇಯದ ನೀರಿಗೆ ಯಾವ ಸೋಪು? ಬೆಂಗಳೂರಿನ ನಲ್ಲಿ ನೋಡಿ ಬರೆದ ವಿಮರ್ಶೆ

ಮಲ್ಲೇಶ್ವರದ ಕಾವೇರಿ ನಲ್ಲಿಯಲ್ಲಿ ಎರಡು ಸಲ ಉಜ್ಜಿದರೆ ಕೈತುಂಬ ನೊರೆ ಕೊಡುವ ಸೋಪು, ವೈಟ್‌ಫೀಲ್ಡ್ ಕಡೆಯ ಬೋರ್‌ವೆಲ್ ನೀರಿಗೆ ಬಿದ್ದರೆ ಒಡೆದ ಹಾಲಿನ ಹಾಗೆ ಬಿಳಿ ಚೂರಾಗಿ ಬೇಸಿನ್ನಿಗೆ ಅಂಟುತ್ತದೆ. ಬೇಸಿನ್ನಿಗೆ ಅಂಟುವುದು ಕೈಗೂ ಅಂಟುತ್ತದೆ. ಈ ಊರಿನಲ್ಲಿ ಕೈತೊಳೆಯುವ ಸಾಮಾನಿನ ಬಗ್ಗೆ ಬರೆಯುವಾಗ ನೀರಿನ ಮಾತು ಬಿಟ್ಟು ಬರೀ ಪರಿಮಳಕ್ಕೂ ಪ್ಯಾಕಿಂಗಿಗೂ ಅಂಕ ಕೊಟ್ಟರೆ ಓದುಗರಿಗೆ ಪ್ರಯೋಜನವಿಲ್ಲ. ಹಾಗಾಗಿ ಮೊದಲು ನೀರು, ಆಮೇಲೆ ಅಂಗಡಿಯ ಶೆಲ್ಫು.

ನಿಮ್ಮ ಮನೆಯ ನೀರು ಯಾವ ಜಾತಿಯದು ಎಂದು ಅಡುಗೆಮನೆ ಆಗಲೇ ಹೇಳಿರುತ್ತದೆ. ಎಷ್ಟು ವಿಷಲ್ ಕೂಗಿಸಿದರೂ ತೊಗರಿಬೇಳೆ ಕರಗುವುದಿಲ್ಲ, ಗೀಸರ್ ಕಾಯಿಲ್ ಮೇಲೆ ಬಿಳಿ ಪದರ, ನಲ್ಲಿಯ ಬಾಯಲ್ಲಿ ಸುಣ್ಣದಂಥ ಕರೆ ಇದ್ದರೆ ಅದು ಗಡಸು ನೀರು, ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಹೆಚ್ಚಿರುವ ನೀರು. ಖಚಿತ ಮಾಡಿಕೊಳ್ಳಲು ಒಂದು ಪಾರದರ್ಶಕ ಬಾಟಲಿಗೆ 100 ಮಿ.ಲೀ. ನಲ್ಲಿ ನೀರು ಹಾಕಿ, ತುರಿದ ಸ್ನಾನದ ಸೋಪಿನ ಒಂದು ಚಿಟಿಕೆ ಬೆರೆಸಿ, ಕರಗಲು ಐದು ನಿಮಿಷ ಬಿಟ್ಟು, ಇಪ್ಪತ್ತು ಸಲ ಜೋರಾಗಿ ಅಲ್ಲಾಡಿಸಿ. ಮೇಲೆ ದಟ್ಟ ನೊರೆ ನಿಂತು ಕೆಳಗಿನ ನೀರು ಹೆಚ್ಚುಕಡಿಮೆ ತಿಳಿಯಾಗಿದ್ದರೆ ಮೆದು ನೀರು. ನೊರೆ ನಿಲ್ಲದೆ ನೀರೆಲ್ಲ ಬೆಳ್ಳಗಾಗಿ ಚೂರು ತೇಲಿದರೆ ಗಡಸು. ಈ ಪರೀಕ್ಷೆಗೆ ಪಂಪ್ ಬಾಟಲಿಯ ಹ್ಯಾಂಡ್‌ವಾಶ್ ಬಳಸಬೇಡಿ, ಅದು ಎಂಥ ನೀರಲ್ಲೂ ನೊರೆ ಕೊಟ್ಟು ದಾರಿ ತಪ್ಪಿಸುತ್ತದೆ. ಅಪಾರ್ಟ್‌ಮೆಂಟಿನಲ್ಲಿ ನೀರು ಮೆದುವಾಗಿಸುವ ಸಾಫ್ಟ್‌ನರ್ ಇದೆಯಲ್ಲ ಎಂದು ಸುಮ್ಮನಾಗಬೇಡಿ. ಅದರೊಳಗೆ ಗಡಸುತನ ಹಿಡಿದಿಡುವ ರೆಸಿನ್ ಮಣಿಗಳಿಗೆ ಹೊತ್ತಿಗೆ ಸರಿಯಾಗಿ ಉಪ್ಪು ಕೊಡದಿದ್ದರೆ ಒಳಗೆ ಹೋದ ಗಡಸು ನೀರು ಗಡಸಾಗಿಯೇ ಹೊರಗೆ ಬರುತ್ತದೆ. ಟ್ಯಾಂಕರ್ ಬದಲಾದ ದಿನ ನೀರಿನ ಗುಣವೂ ಬದಲಾಗಬಹುದು.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೂ ನಡೆಯುತ್ತದೆ. 300 ಇರುವ ನೀರಿನ ಲೆಕ್ಕ ಹಾಕಿದರೆ, ಒಂದು ಲೀಟರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸುಮಾರು 1.8 ಗ್ರಾಂ ಸೋಪನ್ನು ನೊರೆಯಾಗುವ ಮೊದಲೇ ನುಂಗಿಬಿಡುತ್ತವೆ. ಹಾಗೆ ನುಂಗಿದ್ದು ಕರಗದ ಜಿಗುಟಾಗಿ ಬೆರಳ ಸಂದಿಯಲ್ಲಿ, ಉಂಗುರದ ಕೆಳಗೆ ಕೂರುತ್ತದೆ. ಅದನ್ನು ಬಿಡಿಸಲು ಇನ್ನಷ್ಟು ಸೋಪು, ಇನ್ನಷ್ಟು ಉಜ್ಜಾಟ. ಚರ್ಮ ಒರಟಾಗುವುದು ಇಲ್ಲಿಂದ ಶುರು.

ಈಗ ಸೋಪಿನ ಬಿಲ್ಲೆ. ಬೆಂಗಳೂರಿನಲ್ಲಿ ಈ ಮಾತು ಮೈಸೂರ್ ಸ್ಯಾಂಡಲ್‌ನಿಂದಲೇ ಆರಂಭವಾಗಬೇಕು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿದ ಸರ್ಕಾರಿ ಸೋಪು ಕಾರ್ಖಾನೆಯ ಕೂಸು ಅದು. ಇಂದಿಗೂ ಮೆಟ್ರೋದ ಹಸಿರು ಮಾರ್ಗದಲ್ಲಿ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಎಂಬ ನಿಲ್ದಾಣವೇ ಇದೆ. ರ‍್ಯಾಪರ್ ಮೇಲೆ ಗ್ರೇಡ್ 1, ಟಿಎಫ್‌ಎಂ (ಸೋಪಿನಲ್ಲಿರುವ ಒಟ್ಟು ಕೊಬ್ಬಿನಾಮ್ಲದ ಪಾಲು) ಶೇ. 80 ಎಂದಿರುತ್ತದೆ. ಟಾಯ್ಲೆಟ್ ಸೋಪಿನ ಮಾನಕ ಐಎಸ್ 2888ರಲ್ಲಿ ಗ್ರೇಡ್ 1ಕ್ಕೆ ಕನಿಷ್ಠ ಶೇ. 76, ಗ್ರೇಡ್ 2ಕ್ಕೆ 70, ಗ್ರೇಡ್ 3ಕ್ಕೆ 60 ಬೇಕು. ಆ ಅಳತೆಯಲ್ಲಿ ಇದು ಮೇಲಿನ ಸಾಲಿನ ಸೋಪು. ಕಾವೇರಿ ನೀರಿನಲ್ಲಿ ನೊರೆ ನುಣುಪಾಗಿ ಬರುತ್ತದೆ, ಬಿಲ್ಲೆ ಬೇಗ ಕರಗಿ ಲೋಳೆಯಾಗುವುದಿಲ್ಲ, ಕಾಸಿಗೆ ತಕ್ಕ ಬಾಳಿಕೆ ಇದೆ. ಆದರೆ ಟಿಎಫ್‌ಎಂ ಬಗ್ಗೆ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಟಿಎಫ್‌ಎಂ ಹೆಚ್ಚಿದ್ದರೆ ಸೋಪಿನಲ್ಲಿ ಕೊಬ್ಬಿನಾಮ್ಲದ ಅಂಶ ಹೆಚ್ಚು, ತುಂಬಿಸಿದ ಪುಡಿ ಕಡಿಮೆ. ಇಷ್ಟೇ ಅದರ ಅರ್ಥ. ಸೌಮ್ಯ ಎಂಬ ಅರ್ಥ ಅದಕ್ಕಿಲ್ಲ. ಅಪ್ಪಟ ಸೋಪು ಯಾವ ಕಂಪನಿಯದಾದರೂ ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಮೇಲಾದರೆ ಕ್ಷಾರ, ಕೆಳಗಾದರೆ ಆಮ್ಲ) 9ರಿಂದ 10. ಚರ್ಮದ್ದು ಸುಮಾರು 4.5ರಿಂದ 5.5. ದಿನಕ್ಕೆ ಎರಡು ಸಲ ಸ್ನಾನಕ್ಕೆ ಬಳಸಿದರೆ ಚರ್ಮ ಸುಧಾರಿಸಿಕೊಳ್ಳುತ್ತದೆ. ದಿನಕ್ಕೆ ಹದಿನೈದು ಸಲ ಕೈ ತೊಳೆಯುವವರಿಗೆ, ಅದರಲ್ಲೂ ಬೋರ್ ನೀರಿರುವ ಮನೆಯಲ್ಲಿ, ಯಾವ ಅಪ್ಪಟ ಸೋಪನ್ನೂ ಶಿಫಾರಸು ಮಾಡಲಾರೆ. ಗಂಧದ ಸೋಪಿರಲಿ ಇನ್ನೊಂದಿರಲಿ, ಕೈ ಆಗಲೇ ಬಿರುಕು ಬಿಟ್ಟಿದ್ದರೆ ಪರಿಮಳದ ಸೋಪುಗಳಿಂದ ವಾಸಿಯಾಗುವ ತನಕ ದೂರವಿರುವುದು ಕ್ಷೇಮ.

ಅಂಥವರಿಗೆ ಸಿಂಡೆಟ್ ಬಿಲ್ಲೆ, ಅಂದರೆ ಸೋಪಿನ ಬದಲು ಸೌಮ್ಯ ಕೃತಕ ಡಿಟರ್ಜೆಂಟಿನಿಂದ ಮಾಡಿದ ಬಿಲ್ಲೆ. ಹೆಸರು ಹೊಸದೆನಿಸಿದರೂ ವಸ್ತು ಪರಿಚಿತವೇ: ಡವ್ ಬಿಲ್ಲೆಯ ಮುಖ್ಯ ಘಟಕ ಸೋಡಿಯಂ ಲಾರಾಯ್ಲ್ ಐಸೆಥಯೋನೇಟ್, ಅದರ ಪಿಎಚ್ 7ರ ಆಸುಪಾಸು. ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಇದು ಅಪ್ಪಟ ಸೋಪಿನಷ್ಟು ಜಿಗುಟು ಕಟ್ಟುವುದಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಚರ್ಮವೈದ್ಯರ ಚೀಟಿಗೆ ಕೊಡುವ ಸೆಟಾಫಿಲ್ ತರಹದ ಕ್ಲೆನ್ಸರ್‌ಗಳೂ ಇದೇ ದಾರಿಯವು, ಬೆಲೆ ಮಾತ್ರ ಜಾಸ್ತಿ. ಕೊಳ್ಳುವಾಗ ಒಂದು ಗೊಂದಲ ಎದುರಾಗುತ್ತದೆ. ‘ಬೇಥಿಂಗ್ ಬಾರ್’ ಎಂಬ ಒಂದೇ ಹಣೆಪಟ್ಟಿಯಡಿ ಇಂಥ ಸೌಮ್ಯ ಬಿಲ್ಲೆಗಳೂ ಇವೆ, ಟಿಎಫ್‌ಎಂ ಕಡಿಮೆ ಇರುವ ಅಗ್ಗದ ಸೋಪುಗಳೂ ಇವೆ. ಮುಂಭಾಗ ನೋಡಿದರೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಿಂಭಾಗದ ಪಟ್ಟಿಯಲ್ಲಿ ಮೊದಲ ಹೆಸರು ಸೋಡಿಯಂ ಪಾಮೇಟ್ ಆಗಿದ್ದರೆ ಸೋಪು, ಐಸೆಥಯೋನೇಟ್ ಎಂದಿದ್ದರೆ ಸಿಂಡೆಟ್. ತೊಳೆದ ಮೇಲೂ ಕೈ ಸ್ವಲ್ಪ ಜಾರುವಂತೆ ಅನ್ನಿಸುತ್ತದೆ ಎಂಬುದು ಈ ಬಿಲ್ಲೆಗಳ ಮೇಲಿನ ಸಾಮಾನ್ಯ ದೂರು. ಅದು ಕೊಳೆ ಉಳಿದ ಲಕ್ಷಣವಲ್ಲ. ಕೈ ‘ಕಿರ್’ ಎನ್ನುವಷ್ಟು ತೊಳೆದರೆ ಚರ್ಮದ ಸ್ವಂತ ಎಣ್ಣೆಯೂ ಹೋಗಿರುತ್ತದೆ.

ಪಂಪ್ ಬಾಟಲಿಯ ಹ್ಯಾಂಡ್‌ವಾಶ್‌ಗಳು ಗಡಸು ನೀರಿಗೆ ಹೊಂದುತ್ತವೆ, ಮನೆಮಂದಿ ಒಂದೇ ಬಿಲ್ಲೆ ಮುಟ್ಟುವುದೂ ತಪ್ಪುತ್ತದೆ. ಇವುಗಳಲ್ಲಿ ಕೊಳೆ ತೆಗೆಯಲು ಸಾಮಾನ್ಯವಾಗಿ ಸೋಡಿಯಂ ಲಾರೆತ್ ಸಲ್ಫೇಟ್ ಇರುತ್ತದೆ. ಜೊತೆಗೆ ಅದರ ಉರಿ ತಗ್ಗಿಸುವ ಕೊಕಮಿಡೊಪ್ರೊಪೈಲ್ ಬೀಟೇನ್ ಮತ್ತು ಗ್ಲಿಸರಿನ್ ಇರುವುದನ್ನೇ ಆರಿಸಿ. ಲಾರೆತ್ ಬದಲು ಲಾರಿಲ್ ಸಲ್ಫೇಟ್ ಎಂದಿದ್ದರೆ ಅದು ಹೆಚ್ಚು ಉರಿ ಕೊಡುವ ಬಗೆ, ಬಿಟ್ಟುಬಿಡಿ. ಮೀಥೈಲ್‌ಐಸೋಥಯಾಜೋಲಿನೋನ್ ಎಂಬ ಸಂರಕ್ಷಕವನ್ನೂ ಹುಡುಕಿ ನೋಡಿ, ಇದ್ದರೆ ಬಿಟ್ಟುಬಿಡಿ. ಚರ್ಮದ ಅಲರ್ಜಿಗೆ ಅದು ಎಷ್ಟು ಕಾರಣವಾಯಿತೆಂದರೆ ಅಮೆರಿಕದ ಸಂಪರ್ಕ ಚರ್ಮರೋಗ ಸಂಘ ಅದನ್ನು 2013ರ ‘ವರ್ಷದ ಅಲರ್ಜಿಕಾರಕ’ ಎಂದು ಹೆಸರಿಸಿತು. ‘ಕೀಟಾಣುನಾಶಕ’ ಎಂದು ದೊಡ್ಡಕ್ಷರದಲ್ಲಿ ಬರೆದುಕೊಂಡ ಹ್ಯಾಂಡ್‌ವಾಶಿಗೆ ಮನೆ ಬಳಕೆಯಲ್ಲಿ ಹೆಚ್ಚಿನ ದುಡ್ಡು ಕೊಡಬೇಕಾಗಿಲ್ಲ. ಸಾದಾ ಸೋಪಿಗಿಂತ ಹೆಚ್ಚಿನ ಪ್ರಯೋಜನಕ್ಕೆ ತಯಾರಕರು ಪುರಾವೆ ಕೊಡಲಿಲ್ಲ ಎಂದೇ 2016ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕಗಳನ್ನು ಅಲ್ಲಿನ ಇಂಥ ಸೋಪುಗಳಿಂದ ಹೊರಗಿಟ್ಟಿತು. ಗಾಯ ತೊಳೆಯುವ ಆಂಟಿಸೆಪ್ಟಿಕ್ ದ್ರವವನ್ನು ಹಾಗೇ ಅಂಗೈಗೆ ಸುರಿದುಕೊಳ್ಳುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ದಯವಿಟ್ಟು ನಿಲ್ಲಿಸಿ, ಅದರಿಂದ ಸಿಗುವುದು ಉರಿಯಷ್ಟೇ.

ಹ್ಯಾಂಡ್‌ವಾಶ್ ಎಡವುವುದು ಹೆಚ್ಚಾಗಿ ರೀಫಿಲ್‌ನಲ್ಲಿ. ದರ್ಶಿನಿಗಳ ಬೇಸಿನ್ ಪಕ್ಕ ಮುಚ್ಚಳಕ್ಕೆ ತೂತು ಕೊರೆದ ಬಾಟಲಿಯಲ್ಲಿ ತೆಳು ಗುಲಾಬಿ ನೀರಿರುವುದನ್ನು ನೋಡದವರಿಲ್ಲ. ನೀರು ಬೆರೆಸಿದಾಗ ಸೋಪಷ್ಟೇ ಅಲ್ಲ, ಕೆಡದಂತೆ ಕಾಯುವ ಸಂರಕ್ಷಕವೂ ತೆಳ್ಳಗಾಗುತ್ತದೆ. ಆಗ ಬಾಟಲಿಯೊಳಗೇ ಸೂಡೋಮೊನಾಸ್, ಸೆರೇಷಿಯಾದಂಥ ಬ್ಯಾಕ್ಟೀರಿಯಾ ಬೆಳೆಯಬಲ್ಲವು. ಮನೆಯಲ್ಲೂ ಅರ್ಧ ಖಾಲಿಯಾದ ಬಾಟಲಿಗೆ ಮೇಲಿಂದ ಸುರಿಯಬೇಡಿ. ಪೂರ್ತಿ ಮುಗಿಸಿ, ಪಂಪಿನ ನಳಿಗೆ ಸಮೇತ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಆಮೇಲೆ ತುಂಬಿ. ನೀರು ಬೆರೆಸಿಯೇ ಮಾಡುವ ಪುಡಿ ಹ್ಯಾಂಡ್‌ವಾಶ್ ಆದರೆ ಪೊಟ್ಟಣದ ಅಳತೆ ಮೀರಬೇಡಿ, ಕುದಿಸಿ ಆರಿಸಿದ ನೀರು ಬಳಸಿ.

ಯಾವ ಸಾಮಾನು ತಂದರೂ ಉಜ್ಜುವ ಕ್ರಮ ತಪ್ಪಿದರೆ ಫಲವಿಲ್ಲ. ಕೈ ಒದ್ದೆ ಮಾಡಿ, ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ. ಅಂಗೈಗೆ ಅಂಗೈ ಉಜ್ಜುವುದನ್ನು ಎಲ್ಲರೂ ಮಾಡುತ್ತಾರೆ. ತಪ್ಪಿಹೋಗುವುದು ಹೆಬ್ಬೆರಳು ಮತ್ತು ಬೆರಳ ತುದಿ. ಎಡಗೈ ಹೆಬ್ಬೆರಳನ್ನು ಬಲ ಮುಷ್ಟಿಯಲ್ಲಿ ಹಿಡಿದು ಸ್ಕ್ರೂ ತಿರುಗಿಸುವಂತೆ ತಿರುಗಿಸಿ, ಬುಡದವರೆಗೂ ಹೋಗಲಿ. ಬಲಗೈಯ ಐದೂ ಬೆರಳ ತುದಿ ಒಟ್ಟು ಮಾಡಿ ಎಡ ಅಂಗೈಯಲ್ಲಿ ಚಟ್ನಿ ಬಳಿಯುವ ಹಾಗೆ ಸುತ್ತಿಸಿ, ಉಗುರ ಸಂದಿಗೆ ನೊರೆ ಹೋಗುವುದು ಹೀಗೆ. ಮುದ್ದೆ ಅದ್ದುವುದೂ ಅನ್ನ ಕಲಸುವುದೂ ಈ ತುದಿಗಳಿಂದಲೇ. ಬೆರಳ ಸಂದಿ, ಕೈಯ ಹಿಂಬದಿ, ಮಣಿಕಟ್ಟು ಸೇರಿ ಉಜ್ಜಾಟ 20 ಸೆಕೆಂಡಿಗೆ ಕಡಿಮೆಯಾಗಬಾರದು. ಒದ್ದೆ ಮಾಡುವುದರಿಂದ ಒರೆಸುವವರೆಗೆ 40ರಿಂದ 60 ಸೆಕೆಂಡು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಷ್ಟು ಹೊತ್ತೂ ನಲ್ಲಿ ಓಡುತ್ತಿರಬೇಕಾಗಿಲ್ಲ. 2024ರ ಬೇಸಿಗೆಯ ನೀರಿನ ಬರ ಕಂಡ ಊರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಜ್ಜುವಾಗ ಉಳಿಸಿದ ನೀರನ್ನು ಜಾಲಾಡಲು ಧಾರಾಳವಾಗಿ ಬಳಸಿ. ಚಳಿಗಾಲದಲ್ಲಿ ಗೀಸರ್ ನೀರಿನ ಆಸೆ ಬೇಡ. ಕೈ ಸಹಿಸುವ ಬಿಸಿಗೆ ಕೀಟಾಣು ಸಾಯುವುದಿಲ್ಲ, ಚರ್ಮದ ಎಣ್ಣೆ ಮಾತ್ರ ಕರಗಿ ಹೋಗುತ್ತದೆ. ಟವೆಲಿನಿಂದ ತಿಕ್ಕದೆ ಒತ್ತಿ ಒರೆಸಿ. ಉಂಗುರ ತೆಗೆದು ತೊಳೆಯಿರಿ. ಅದರಡಿ ಉಳಿದ ಸೋಪುನೀರು ಬೆರಳ ಸುತ್ತ ಕೆಂಪು ಬಳೆಯಂಥ ತುರಿಕೆ ತರುತ್ತದೆ. ಮೀನಿನ ವಾಸನೆ ಹೋಗಲೆಂದು ನಿಂಬೆರಸ ಉಜ್ಜಿ ಹಾಗೇ ಬಿಸಿಲಿಗೆ ಹೋಗಬೇಡಿ, ರಸ ಬಿದ್ದ ಜಾಗ ಸುಟ್ಟಂತಾಗಿ ಗುಳ್ಳೆ ಏಳಬಹುದು.

ಸ್ಯಾನಿಟೈಸರ್ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ಅಚ್ಚರಿ ತರಬಹುದು. ಕೈಯಲ್ಲಿ ಕಣ್ಣಿಗೆ ಕಾಣುವ ಕೊಳೆ, ಜಿಡ್ಡು ಇಲ್ಲದಿದ್ದರೆ, ಒಳ್ಳೆಯ ಆಲ್ಕೋಹಾಲ್ ರಬ್ ಸೋಪಿಗಿಂತ ಚರ್ಮಕ್ಕೆ ಸೌಮ್ಯ. ಸೋಪು ಕಿತ್ತ ಎಣ್ಣೆ ನೀರಿನೊಂದಿಗೆ ಹರಿದುಹೋಗುತ್ತದೆ. ರಬ್ ಆರಿದಾಗ ಆ ಎಣ್ಣೆಯ ಬಹುಪಾಲು ಕೈಯಲ್ಲೇ ಉಳಿಯುತ್ತದೆ, ಜೊತೆಗೆ ಬೆರೆಸಿದ ಗ್ಲಿಸರಿನ್ನೂ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಶೇ. 80 ಎಥನಾಲ್ ಜೊತೆ ಶೇ. 1.45 ಗ್ಲಿಸರಿನ್ ಇರುವುದು ಇದೇ ಲೆಕ್ಕದಲ್ಲಿ. ರಬ್ ಹಾಕಿದಾಗ ಚುರುಚುರು ಎಂದರೆ ಬಹುತೇಕ ಸಲ ಅದು ಅಲರ್ಜಿಯಲ್ಲ. ಚರ್ಮ ಮೊದಲೇ ಸೀಳಿದೆ ಎಂಬ ಸುಳಿವು. ಆಸ್ಪತ್ರೆಗಳಲ್ಲಿ ಕಾಣುವ ನೀಲಿ ದ್ರವ ಸ್ಟೆರಿಲಿಯಂನಲ್ಲಿ ತೂಕದ ಲೆಕ್ಕದಲ್ಲಿ ಶೇ. 45 ಐಸೋಪ್ರೊಪೈಲ್ ಆಲ್ಕೋಹಾಲ್, ಶೇ. 30 ಎನ್-ಪ್ರೊಪನಾಲ್ ಇವೆ. ಬೇಗ ಆರುತ್ತದೆ, ಅಂಟು ಉಳಿಯುವುದಿಲ್ಲ, ದಿನವಿಡೀ ಬಳಸುವವರಿಗೆ ದುಡ್ಡಿಗೆ ಮೋಸವಿಲ್ಲ. ವಾಸನೆ ಮಾತ್ರ ಗಾಢ.

ಲೇಬಲ್ ಓದುವಾಗ ಶೇಕಡಾವಾರು ಗಾತ್ರದ್ದೋ ತೂಕದ್ದೋ ನೋಡಿ. ಗಾತ್ರದಲ್ಲಿ ಶೇ. 70 ಎಥನಾಲ್ ಅಂದರೆ ತೂಕದಲ್ಲಿ ಶೇ. 62ರಷ್ಟೇ. ಶೇ. 60ಕ್ಕಿಂತ ಕೆಳಗಿನದು ಬೇಡ. ಶೇ. 95 ದಾಟಿದ್ದೂ ಬೇಡ, ಕೀಟಾಣುವಿನ ಪ್ರೋಟೀನು ಕೆಡಲು ಕೊಂಚ ನೀರಿರಬೇಕು. ಪರವಾನಗಿ ಸಂಖ್ಯೆ, ಬ್ಯಾಚು, ತಯಾರಿಕೆಯ ತಿಂಗಳು ಇಲ್ಲದ ಬಾಟಲಿಯನ್ನು ಮುಟ್ಟಲೇಬೇಡಿ. 2020ರಲ್ಲಿ ವಿಷಕಾರಿ ಮೆಥನಾಲ್ ಬೆರೆತ ಸ್ಯಾನಿಟೈಸರ್‌ಗಳು ಸಿಕ್ಕಿಬಿದ್ದದ್ದನ್ನು ಮರೆಯಬಾರದು. ಅಂಗೈ ಬಟ್ಟಲಿನ ತಳ ತುಂಬುವಷ್ಟು, ಅಂದರೆ ಸುಮಾರು 3 ಮಿ.ಲೀ. ತೆಗೆದುಕೊಂಡು ಉಜ್ಜಿ. 20 ಸೆಕೆಂಡಿಗೆ ಮೊದಲೇ ಆರಿಹೋದರೆ ಹಾಕಿದ್ದು ಸಾಲಲಿಲ್ಲ ಎಂದು ಅರ್ಥ. ತೊಳೆದ ಒದ್ದೆ ಕೈಗೆ ಹಾಕಬೇಡಿ, ಆಲ್ಕೋಹಾಲ್ ತೆಳುವಾಗುತ್ತದೆ, ಉರಿಯೂ ಹೆಚ್ಚು. ಪೂರ್ತಿ ಆರುವ ತನಕ ಒಲೆ ಹಚ್ಚಬೇಡಿ, ದೀಪ ಮುಟ್ಟಬೇಡಿ. ಮೆಟ್ರೋ ಕಂಬಿ, ಬಿಎಂಟಿಸಿ ಬಸ್ಸು, ಲಿಫ್ಟ್ ಗುಂಡಿ ಮುಟ್ಟಿದ ಮೇಲೆ ರಬ್ ಸಾಕು. ಶೌಚಕ್ಕೆ ಹೋಗಿ ಬಂದ ಮೇಲೆ, ಮಗುವಿನ ಡಯಾಪರ್ ಬದಲಿಸಿದ ಮೇಲೆ, ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿ ಇದ್ದಾಗ, ತುಪ್ಪದ ದೋಸೆ ತಿಂದ ಕೈಗೆ ಸೋಪು ನೀರೇ ಬೇಕು. ವಾಂತಿ ಭೇದಿ ತರುವ ನೋರೋವೈರಸ್ ಮೇಲೂ ಕೆಲವು ಬ್ಯಾಕ್ಟೀರಿಯಾದ ಗಟ್ಟಿ ಕವಚದ ಸ್ಪೋರ್‌ಗಳ ಮೇಲೂ ಆಲ್ಕೋಹಾಲ್ ನೆಚ್ಚಿಕೊಳ್ಳುವಂತಿಲ್ಲ.

ಕ್ರೀಮಿಗೆ ಮಲಗುವ ಕೋಣೆ ಸರಿಯಾದ ಜಾಗವಲ್ಲ, ಬೇಸಿನ್ ಪಕ್ಕದಲ್ಲಿಡಿ. ಒರೆಸಿದ ಕೈಯಲ್ಲಿ ತೇವ ಇನ್ನೂ ಇರುವಾಗಲೇ, ತೋರುಬೆರಳ ತುದಿಯ ಗೆಣ್ಣಿನುದ್ದ ಹಿಂಡಿ ಹಚ್ಚಿ, ಅದು ಸುಮಾರು ಅರ್ಧ ಗ್ರಾಂ. ಹಗಲಿಗೆ ಗ್ಲಿಸರಿನ್ ಇರುವ, ಪರಿಮಳವಿಲ್ಲದ ಕ್ರೀಮು. ರಾತ್ರಿಗೆ ಪೆಟ್ರೋಲಿಯಂ ಜೆಲ್ಲಿ. ಅಗ್ಗದ ಡಬ್ಬಿಯಾದರೂ ತೇವ ಹಿಡಿದಿಡುವುದರಲ್ಲಿ ದುಬಾರಿ ಹ್ಯಾಂಡ್‌ಕ್ರೀಮುಗಳಿಗೆ ಸೋಲುವುದಿಲ್ಲ. ಕೊಬ್ಬರಿ ಎಣ್ಣೆಯೂ ನಡೆಯುತ್ತದೆ, ಜೆಲ್ಲಿಯಷ್ಟು ಬಿಗಿಯಾಗಿ ಕಾಯುವುದಿಲ್ಲ. ಯೂರಿಯಾ ಕ್ರೀಮು ಒರಟು ಅಂಗೈಗೆ ಬಹಳ ಒಳ್ಳೆಯದು, ತೆರೆದ ಬಿರುಕಿಗೆ ಮಾತ್ರ ಹಚ್ಚಬೇಡಿ, ಉರಿಯುತ್ತದೆ. ಜೆಲ್ಲಿ ಹಚ್ಚಿದ ಕೈಗೆ ಲೇಟೆಕ್ಸ್ ಗ್ಲವ್ಸ್ ಹಾಕಿದರೆ ರಬ್ಬರು ಸಡಿಲವಾಗಿ ಹರಿಯುತ್ತದೆ. ಪಾತ್ರೆ ತೊಳೆಯಲು ನೈಟ್ರೈಲ್ ಗ್ಲವ್ಸ್ ತನ್ನಿ, ಒಳಗೆ ತೆಳು ಹತ್ತಿಯದಿದ್ದರೆ ಬೆವರೂ ಹೀರುತ್ತದೆ.

ಇಷ್ಟೆಲ್ಲ ಮಾಡಿಯೂ ಎರಡು ವಾರದಲ್ಲಿ ಸುಧಾರಿಸದಿದ್ದರೆ, ನೀರುಗುಳ್ಳೆ ಎದ್ದರೆ, ಬಿರುಕಲ್ಲಿ ರಕ್ತ ಬಂದರೆ ಚರ್ಮವೈದ್ಯರನ್ನು ಕಾಣಿ. ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳಲ್ಲೂ ಚರ್ಮರೋಗ ವಿಭಾಗವಿದೆ. ಹೋಗುವಾಗ ಮನೆಯಲ್ಲಿ ಬಳಸುವ ಸೋಪು, ಹ್ಯಾಂಡ್‌ವಾಶ್, ಪಾತ್ರೆ ಸೋಪು, ಕ್ರೀಮು, ಎಲ್ಲದರ ಹಿಂಬದಿಯ ಫೋಟೋ ಮೊಬೈಲಿನಲ್ಲಿರಲಿ. ಮನೆಗೆ ಬರುವುದು ಕಾವೇರಿಯೋ ಬೋರೋ ಟ್ಯಾಂಕರೋ ಎಂದೂ ಹೇಳಿ.