ಬೆಟ್ಟದ ಫೋಟೊಗೆ ಯಾವುದು: ಮೊಬೈಲೋ, ಕಿಟ್ ಲೆನ್ಸೋ, ಟೆಲಿ ಲೆನ್ಸೋ?

ಮನೆಮಂದಿಯೊಂದಿಗೆ ಮುಳ್ಳಯ್ಯನಗಿರಿಗೋ ಕೊಡಚಾದ್ರಿಗೋ ಹೊರಟರೆ ನೀರು, ಬುತ್ತಿ, ಮಕ್ಕಳ ಸ್ವೆಟರ್, ರೇನ್‌ಕೋಟುಗಳಿಗೇ ಬ್ಯಾಗು ತುಂಬುತ್ತದೆ. ಕ್ಯಾಮೆರಾ ಪಾಲಿಗೆ ಉಳಿಯುವುದು ಹೆಚ್ಚೆಂದರೆ ಒಂದು ಕಿಲೋ. ಅದರೊಳಗೆ ಹೊಂದುವ ದಾರಿ ಮೂರು: ಬರೀ ಮೊಬೈಲ್, ಎಪಿಎಸ್-ಸಿ (ಮೊಬೈಲಿನದಕ್ಕಿಂತ ಬಹಳ ದೊಡ್ಡ ಸೆನ್ಸರಿನ) ಮಿರರ್‌ಲೆಸ್ ಕ್ಯಾಮೆರಾಕ್ಕೆ ಜೊತೆಗೇ ಬರುವ 18-55 ಎಂಎಂನ ಕಿಟ್ ಲೆನ್ಸ್, ಅದೇ ಕ್ಯಾಮೆರಾಕ್ಕೆ ದೂರದ್ದನ್ನು ಹತ್ತಿರ ತರುವ 55-210ರಂಥ ಹಗುರ ಟೆಲಿ ಲೆನ್ಸ್. ಎಂಎಂ ಹೆಚ್ಚಿದಷ್ಟೂ ನೋಟ ಕಿರಿದು, ದೂರದ್ದು ದೊಡ್ಡದು. ಮೂರನ್ನೂ ಒಂದೇ ದಾರಿಯಲ್ಲಿ, ಒಂದೇ ಬೆಳಕಿನಲ್ಲಿ ಅಕ್ಕಪಕ್ಕ ಬಳಸಿ ನೋಡಿದ ಮೇಲೆ ನಮ್ಮ ತೀರ್ಮಾನ ಇದು: ಅಗಲದ ನೋಟವನ್ನು ಮೊಬೈಲಿಗೆ ಬಿಡಿ, ಕ್ಯಾಮೆರಾಕ್ಕೆ ಟೆಲಿ ಹಾಕಿಕೊಂಡು ಹೊರಡಿ, ಕಿಟ್ ಲೆನ್ಸ್ ಮನೆಯಲ್ಲೇ ಇರಲಿ.

ಕಿಟ್ ಲೆನ್ಸ್ ಬೇಡ ಎನ್ನಲು ಕಾರಣವಿದೆ. 18 ಎಂಎಂ ಲೆನ್ಸು ಎಪಿಎಸ್-ಸಿಯಲ್ಲಿ, ಹಳೆಯ 35 ಎಂಎಂ ಫಿಲ್ಮಿನ ಲೆಕ್ಕದಲ್ಲಿ, 27 ಎಂಎಂನ ನೋಟ ಕೊಡುತ್ತದೆ. ಈಗಿನ ಹೆಚ್ಚಿನ ಮೊಬೈಲುಗಳ ಮುಖ್ಯ ಕ್ಯಾಮೆರಾ 24ರ ಆಸುಪಾಸು. ಅಂದರೆ ಎರಡೂ ಹಿಡಿಯುವುದು ಹೆಚ್ಚುಕಮ್ಮಿ ಒಂದೇ ಚಿತ್ರ. ಹಗಲು ಬೆಳಕಿನಲ್ಲಿ ತೆಗೆದು 8×12 ಇಂಚಿಗೆ ಪ್ರಿಂಟ್ ಹಾಕಿಸಿದರೆ ವ್ಯತ್ಯಾಸ ಹುಡುಕಬೇಕಾಗುತ್ತದೆ. ಬಿಸಿಲಿಗೆ ಬೆನ್ನು ಹಾಕಿ ನಿಂತವರ ಮುಖ, ಹಿಂದೆ ಹೊಳೆಯುವ ಆಕಾಶ: ಇಲ್ಲಿ ಮೊಬೈಲೇ ಮುಂದು. ಅದು ಹಲವು ಫ್ರೇಮುಗಳನ್ನು ಬೆಸೆದು ಮುಖವನ್ನೂ ಆಕಾಶವನ್ನೂ ಉಳಿಸುತ್ತದೆ. ಕ್ಯಾಮೆರಾದಲ್ಲಾದರೆ ರಾ ಫೈಲ್ (ಸಂಸ್ಕರಿಸದ ಮೂಲ ಚಿತ್ರ) ತೆಗೆದು, ಮನೆಗೆ ಬಂದು ನೆರಳನ್ನು ಎರಡು ಸ್ಟಾಪ್ ಎತ್ತಬೇಕು (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ).

ಮೊಬೈಲ್ ಸೋಲುವುದು ಮಂಜಿನಲ್ಲಿ ಮತ್ತು ಗಾಳಿಯಲ್ಲಿ. ಮಂಜಿನ ಮೆದುತನವನ್ನು ಅದರ ಸಾಫ್ಟ್‌ವೇರ್ ದೋಷವೆಂದು ತಿಳಿದು ಕಾಂಟ್ರಾಸ್ಟ್ ಏರಿಸುತ್ತದೆ. ಬಿಳಿ ಮಂಜು ಹೊಗೆಯಂತೆ ಕೊಳಕಾಗುತ್ತದೆ. ಪ್ರೊ ಮೋಡ್‌ಗೆ ಹೋಗಿ, ರಾ ಆಯ್ದು, ಎಕ್ಸ್‌ಪೋಶರ್ ಅನ್ನು +0.7ಕ್ಕೆ ಏರಿಸಿದರೆ ಬಹುಪಾಲು ಸರಿಹೋಗುತ್ತದೆ. ಗಾಳಿಗೆ ತೂಗುವ ಹುಲ್ಲು ಮಾತ್ರ ಸರಿಹೋಗದು, ಏಕೆಂದರೆ ಒಂದು ಫ್ರೇಮಿನ ಹುಲ್ಲು ಇನ್ನೊಂದರ ಜೊತೆ ಕೂಡುವುದಿಲ್ಲ. ಮುಂಭಾಗದಲ್ಲಿ ಹುಲ್ಲಿಗಿಂತ ಬಂಡೆ ಇರಲಿ.

ಮೊಬೈಲಿನ ಅಲ್ಟ್ರಾವೈಡ್ ಬೆಟ್ಟಕ್ಕೆ ಬೇಡವೇ ಬೇಡ. ಅದರಲ್ಲಿ 1930 ಮೀಟರಿನ ಮುಳ್ಳಯ್ಯನಗಿರಿಯೂ ಹುತ್ತದಷ್ಟಾಗುತ್ತದೆ, ಅಂಚಿನಲ್ಲಿ ನಿಂತ ಮಗುವಿನ ತಲೆ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಬೆಟ್ಟದ ಕಣಿವೆಯ ದಟ್ಟ ಶೋಲಾ ಕಾಡಿನ ಒಳಗೆ, ಕೊಡಚಾದ್ರಿ ದಾರಿಯ ಹಿಡ್ಲುಮನೆ ಜಲಪಾತದ ಬುಡದಲ್ಲಿ, ಹಿಂದೆ ಸರಿಯಲು ಜಾಗವಿಲ್ಲದಾಗ ಮಾತ್ರ ಅದು ಬೇಕು. ಆಗಲೂ ಜನರನ್ನು ನಡುಭಾಗದಲ್ಲೇ ನಿಲ್ಲಿಸಿ.

ಈಗ ಟೆಲಿ. ಇದರ ಬಲ ಒಂದು ಲೆಕ್ಕದಲ್ಲಿದೆ. 200 ಎಂಎಂನಲ್ಲಿ, 100 ಮೀಟರ್ ದೂರದಲ್ಲಿ ಫ್ರೇಮು ಸುಮಾರು 12 ಮೀಟರ್ ಅಗಲ, 8 ಮೀಟರ್ ಎತ್ತರದ ಜಾಗವನ್ನು ಹಿಡಿಯುತ್ತದೆ. ಅಲ್ಲಿ ನಡೆಯುವ ದೊಡ್ಡವರು ಚಿತ್ರದ ಎತ್ತರದ ಐದನೇ ಒಂದು ಪಾಲು ಕಾಣುತ್ತಾರೆ. 18 ಎಂಎಂನಲ್ಲೂ ಅವರು ಅಷ್ಟೇ ಕಾಣಬೇಕೆಂದರೆ 9 ಮೀಟರ್ ಹತ್ತಿರ ಹೋಗಬೇಕು. ವ್ಯಕ್ತಿಯ ಗಾತ್ರ ಒಂದೇ, ಹಿಂದಿನ ಬೆಟ್ಟ ಮಾತ್ರ 11 ಪಟ್ಟು ಚಿಕ್ಕದು! ಕಣ್ಣಿಗೆ ಅಷ್ಟೆತ್ತರ ಕಂಡ ಬೆಟ್ಟ ಫೋಟೊದಲ್ಲಿ ಸಪ್ಪೆಯಾಗುವುದಕ್ಕೆ ಇದೇ ಕಾರಣ. ಮುಳ್ಳಯ್ಯನಗಿರಿ ಇರುವ ಚಂದ್ರದ್ರೋಣ ಪರ್ವತದ ಬಾಗಿದ ಏಣು (ನೆತ್ತಿಯ ಸಾಲು), ಅದರ ಮೇಲೆ ಸಾಲಾಗಿ ನಡೆಯುವ ನಿಮ್ಮವರು, ಹಿಂದೆ ಪದರ ಪದರವಾಗಿ ನಿಂತ ಸಾಲುಗಳು: ಇದು ಟೆಲಿಗೆ ಮಾತ್ರ ದಕ್ಕುವ ಚಿತ್ರ.

ಮನೆಯವರ ಜೊತೆ ಹೋದಾಗ ಇದರ ಇನ್ನೊಂದು ಅನುಕೂಲವೆಂದರೆ ಯಾರನ್ನೂ ನಿಲ್ಲಿಸಬೇಕಿಲ್ಲ. "ನೀವು ನಡೀತಾ ಇರಿ" ಎಂದು ಹೇಳಿ ಹಿಂದೆ ಉಳಿದರೆ ಸಾಕು. ಮಕ್ಕಳ ಮುಂದೊಬ್ಬರು, ಹಿಂದೊಬ್ಬರು ದೊಡ್ಡವರು ಇರಲೇಬೇಕು. ಏಣಿನ ದಾರಿಯಲ್ಲಿ ಒಂದೇ ಕಡೆ ಇಳಿಜಾರು ಎಂದುಕೊಳ್ಳಬೇಡಿ.

ಕೆಡುವುದು ಎಲ್ಲಿ? ಮೊದಲನೆಯದು ಫೋಕಸ್. 200 ಎಂಎಂ, ಎಫ್/8ರಲ್ಲಿ (ಎಫ್ ಸಂಖ್ಯೆ ಹೆಚ್ಚಿದಷ್ಟೂ ಲೆನ್ಸಿನ ಕಿಂಡಿ ಕಿರಿದು, ಸ್ಪಷ್ಟ ಕಾಣುವ ಆಳ ಹೆಚ್ಚು) 100 ಮೀಟರ್ ದೂರದವರ ಮೇಲೆ ಫೋಕಸ್ ಮಾಡಿದರೆ ಸುಮಾರು 165 ಮೀಟರಿನ ಆಚೆಗೆಲ್ಲ ಮಸುಕು. ಎಫ್/11ಕ್ಕೆ ಇಳಿಸಿ, ಅವರಿಗಿಂತ ಆಚೆ ಸುಮಾರು 180 ಮೀಟರ್ ದೂರದ ಬಂಡೆಯನ್ನೋ ಮರವನ್ನೋ ನೋಡಿ ಫೋಕಸ್ ಹಿಡಿಯಿರಿ. 90 ಮೀಟರಿನಿಂದ ದಿಗಂತದವರೆಗೂ ಸ್ಪಷ್ಟವಾಗುತ್ತದೆ. ಎರಡನೆಯದು ಕೈನಡುಕ. ಏರು ಹತ್ತಿ ಏದುಸಿರು ಬಿಡುವಾಗ 1/640 ಸೆಕೆಂಡಿಗಿಂತ ನಿಧಾನದ ಶಟರ್ ನಂಬಬೇಡಿ. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಆಟೊ, ಮಿತಿ 3200. ಸೂರ್ಯ ಹುಟ್ಟುವ ಹೊತ್ತಿಗೆ ಎಫ್/11 ಮತ್ತು 1/640 ಎರಡಕ್ಕೂ ಬೆಳಕು ಸಾಲದು. ಆಗ ಜನರನ್ನು ಬಿಟ್ಟು ಬರೀ ಬೆಟ್ಟದ ಪದರಗಳನ್ನು ಎಫ್/8ರಲ್ಲಿ, ಸ್ಟೆಬಿಲೈಸರ್ ಹಾಕಿ 1/200ಕ್ಕೆ ತೆಗೆಯಿರಿ. ಮೂರನೆಯದು ಬಿಸಿಗಾಳಿ. ಬಂಡೆ ಕಾದ ಮೇಲೆ ದೂರದ ಏಣಿನ ಗೆರೆ ಅಲೆಯಂತೆ ಕದಡುತ್ತದೆ, ಅದನ್ನು ಯಾವ ಲೆನ್ಸೂ ಸರಿಮಾಡದು. ಟೆಲಿಯ ಕೆಲಸ ಬೆಳಿಗ್ಗೆಯೇ ಮುಗಿಯಲಿ.

ಮೊಬೈಲಿನಲ್ಲೂ 3ಎಕ್ಸ್ ಜೂಮ್ ಇದೆಯಲ್ಲ ಎನ್ನಬಹುದು. ಅದು 70-75 ಎಂಎಂನ ನೋಟ. ಮೇಲಿನ 200 ಎಂಎಂ ಎಪಿಎಸ್-ಸಿಯಲ್ಲಿ 300ಕ್ಕೆ ಸಮ. ಜೊತೆಗೆ, ಬೆಳಕು ಕಡಿಮೆಯಾದಾಗ ಹಲವು ಫೋನುಗಳು ಟೆಲಿ ಕ್ಯಾಮೆರಾ ಬಿಟ್ಟು ಮುಖ್ಯ ಕ್ಯಾಮೆರಾದ ಚಿತ್ರವನ್ನೇ ಕತ್ತರಿಸಿ ಕೊಡುತ್ತವೆ. 3ಎಕ್ಸ್‌ನಲ್ಲಿಟ್ಟು ಟೆಲಿ ಲೆನ್ಸಿನ ಮೇಲೆ ಬೆರಳು ಇಡಿ. ಪರದೆ ಕಪ್ಪಾಗದಿದ್ದರೆ ವಿಷಯ ಗೊತ್ತಾಯಿತು. ಲೆನ್ಸ್ ಬದಲಿಸಲಾಗದ, 60ಎಕ್ಸ್ ಜೂಮಿನ ಬ್ರಿಡ್ಜ್ ಕ್ಯಾಮೆರಾಗಳ ಕಥೆಯೂ ಇಷ್ಟೇ. ದೂರವೇನೋ ಸಿಗುತ್ತದೆ, ಆದರೆ 1/2.3 ಇಂಚಿನ ಸೆನ್ಸರು ಎಪಿಎಸ್-ಸಿಯ ಸುಮಾರು 13ನೇ ಒಂದು ಪಾಲು. ಬೆಳಗಿನ ಬೆಳಕಿನಲ್ಲಿ ಕಾಳುಕಾಳು. ಮೊಬೈಲ್ ನೆಚ್ಚಲಾರೆ, ಒಂದೇ ಲೆನ್ಸ್ ಬೇಕು ಎನ್ನುವವರಿಗೆ 18-135 ಒಳ್ಳೆಯ ರಾಜಿ. ದಾರಿಯಲ್ಲಿ ಲೆನ್ಸ್ ಬದಲಿಸುವುದಕ್ಕಿಂತ ಅದು ಮೇಲು: ಏಣಿನ ಗಾಳಿಗೆ ಸೆನ್ಸರಿಗೆ ಧೂಳು ಬಿದ್ದರೆ ಎಫ್/11ರಲ್ಲಿ ಆಕಾಶದ ತುಂಬ ಚುಕ್ಕೆ.

ಟ್ರೈಪಾಡ್ ಬಿಡಿ. ಒಂದು ಕಿಲೋ ತೂಕದ್ದು ಮುಳ್ಳಯ್ಯನಗಿರಿಯ ಗಾಳಿಗೆ ನಡುಗುತ್ತದೆ, ನಡುಗದ್ದನ್ನು ಹೊರಲಾಗದು. ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಮಾತ್ರ ಒಯ್ಯಿರಿ. ಸೂರ್ಯನಿಗೆ ಅಡ್ಡ ದಿಕ್ಕಿನಲ್ಲಿ ಟೆಲಿಗೆ ಹಾಕಿದರೆ ಮಬ್ಬು ಇಳಿಯುತ್ತದೆ, ಒಂದೂವರೆಯಿಂದ ಎರಡು ಸ್ಟಾಪ್ ಬೆಳಕಿನ ಬೆಲೆಗೆ.

ಮೊಬೈಲಿನ ಲೆನ್ಸನ್ನು ಹತ್ತಿಬಟ್ಟೆಯಿಂದ ಆಗಾಗ ಒರೆಸಿ. ಚಿತ್ರಾನ್ನ ತಿಂದ ಕೈಯ ಜಿಡ್ಡು ತಗುಲಿದರೆ ಸೂರ್ಯನ ಸುತ್ತ ಉದ್ದುದ್ದ ಗೆರೆ ಬೀಳುತ್ತದೆ. ಸಿಗ್ನಲ್ ಹುಡುಕಿ ಹುಡುಕಿ ಬ್ಯಾಟರಿ ಕರಗುವುದರಿಂದ ಏರೋಪ್ಲೇನ್ ಮೋಡ್‌ನಲ್ಲಿಡಿ, ಜಿಪಿಎಸ್ ಆಗಲೂ ನಡೆಯುತ್ತದೆ. ಎಸಿ ಕಾರಿನಿಂದ ಇಳಿದ ಕ್ಯಾಮೆರಾವನ್ನು ಅರ್ಧ ಗಂಟೆ ಬ್ಯಾಗಿನೊಳಗೇ ಬಿಟ್ಟರೆ ಗಾಜಿಗೆ ಹಬೆ ಕೂರುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಅಕ್ಟೋಬರ್‌ನಿಂದ ಜನವರಿಯವರೆಗಿನ ತಿಳಿ ಹವೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಮಾನ ತಿರುವುಮುರುವು. 50 ಮೀಟರ್ ಆಚೆ ಏನೂ ಕಾಣದ ಮಂಜಿನಲ್ಲಿ ಟೆಲಿ ಬರೀ ಭಾರ, ಆಟೊಫೋಕಸ್ ಹಿಂದೆ ಮುಂದೆ ಓಡಿ ಸೋಲುತ್ತದೆ. ಆಗ ಕಿಟ್ ಲೆನ್ಸ್ ಹಾಕಿ, ಎಫ್/8ರಲ್ಲಿ ಮ್ಯಾನ್ಯುಯಲ್ ಫೋಕಸನ್ನು 2 ಮೀಟರಿಗೆ ನಿಲ್ಲಿಸಿ. 18 ಎಂಎಂನಲ್ಲಿ ಒಂದು ಮೀಟರಿನಿಂದ ಆಚೆಯದೆಲ್ಲ ಸ್ಪಷ್ಟ, ಒಂದು ಕೈಯಲ್ಲಿ ಕೊಡೆ ಹಿಡಿದೇ ತೆಗೆಯಬಹುದು. ಉಂಬಳ ಕೀಳಲು ಯಾರಾದರೂ ಬಗ್ಗಿದಾಗ ಎಲ್ಲರೂ ನಿಲ್ಲುತ್ತಾರಲ್ಲ, ಫೋಟೊಗೆ ಅದೇ ಹೊತ್ತು.