ಡಿಶ್‌ವಾಷರ್ ವಿಮರ್ಶೆ: ಪಾತ್ರೆ ತೊಳೆಯೋದು ಯಂತ್ರ, ಉಳಿದದ್ದು ಯಾರ ಪಾಲಿಗೆ?

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಡಿಶ್‌ವಾಷರ್ ಕೊಳ್ಳುವ ಮುಂಚೆ ಬರುವ ಪ್ರಶ್ನೆ ಒಂದೇ: ನಮ್ಮ ಎಣ್ಣೆ ಬಾಣಲೆ, ಸಾರಿನ ಪಾತ್ರೆ ಇದರಲ್ಲಿ ಶುಚಿಯಾಗುತ್ತವೆಯೇ? ಆಗುತ್ತವೆ. 13–14 ಪ್ಲೇಸ್ ಸೆಟ್ಟಿಂಗಿನ (ಒಬ್ಬರ ಊಟದ ತಟ್ಟೆ, ಲೋಟ, ಚಮಚ ಸೇರಿ ಒಂದು ಸೆಟ್ಟಿಂಗ್) ಯಂತ್ರ ಸುಮಾರು 35ರಿಂದ 50 ಸಾವಿರ ರೂಪಾಯಿಗೆ ಸಿಗುತ್ತದೆ, ನಾಲ್ಕು ಜನರ ಮನೆಗೆ ಸಾಕು. ಆದರೆ ಅದು ಹೆಂಗಸಿನ ಸಮಯ ಎಷ್ಟು ಉಳಿಸುತ್ತದೆ ಎಂಬುದನ್ನೂ ನೋಡಬೇಕು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88. ಅದೂ ಮನೆಗೆಲಸಕ್ಕೆ ಕೈಹಚ್ಚುವ ಗಂಡಸರ ಲೆಕ್ಕ ಮಾತ್ರ.

ಮೊದಲು ಯಂತ್ರದ ವಿಚಾರ. ಹತ್ತಿರದಲ್ಲಿ ಮುಕ್ಕಾಲು ಇಂಚಿನ ನಲ್ಲಿ, 16 ಆಂಪಿಯರ್ ಪ್ಲಗ್, ನೀರು ಹೊರಹೋಗಲು ಜಾಗ ಬೇಕು. ನೀರಿನ ಒತ್ತಡ ಬಹುತೇಕ ಯಂತ್ರಗಳಿಗೆ ಅರ್ಧ ಬಾರ್‌ನಷ್ಟಾದರೂ ಇರಬೇಕು, ಅಂದರೆ ಟ್ಯಾಂಕು ನಲ್ಲಿಗಿಂತ ಐದು ಮೀಟರ್ ಎತ್ತರದಲ್ಲಿರಬೇಕು. ಮೇಲಿನ ಮಹಡಿಯ ಮನೆಗಳಲ್ಲಿ ಟ್ಯಾಂಕು ತಲೆಯ ಮೇಲೇ ಇರುತ್ತದೆ, ನೀರು ಸಾಲದೆ ಯಂತ್ರ ಮಧ್ಯದಲ್ಲೇ ನಿಲ್ಲುತ್ತದೆ. ಅಂಥ ಕಡೆ ಪ್ರೆಶರ್ ಪಂಪ್ ಹಾಕಿಸದೆ ಕೊಳ್ಳಬೇಡಿ.

ಬೆಂಗಳೂರಿನಲ್ಲಿ ಕಾವೇರಿ ನೀರಿಗೂ ಬೋರ್‌ವೆಲ್ ನೀರಿಗೂ ಗಡಸುತನದಲ್ಲಿ ಬಹಳ ವ್ಯತ್ಯಾಸ. ಯಂತ್ರದೊಳಗೆ ಉಪ್ಪಿನ ನೆರವಿನಿಂದ ನೀರಿನ ಗಡಸುತನ ಇಳಿಸುವ ಭಾಗವೊಂದಿದೆ. ಗಡಸುತನ ಅಳೆಯುವ ಸ್ಟ್ರಿಪ್‌ನಿಂದ ನೀರನ್ನು ಪರೀಕ್ಷಿಸಿ ಅದರ ಸೆಟ್ಟಿಂಗ್ ಬದಲಿಸಿಕೊಳ್ಳಬೇಕು. ಲೋಟಗಳ ಮೇಲೆ ಬಿಳಿ ಪೊರೆ ಕಂಡರೆ ಸಾಮಾನ್ಯವಾಗಿ ಒಂದೋ ಸೆಟ್ಟಿಂಗ್ ತಪ್ಪು, ಇಲ್ಲವೇ ಉಪ್ಪು ಮುಗಿದಿದೆ. ಮೊದಲ ಸಲ ಉಪ್ಪಿನ ತೊಟ್ಟಿಗೆ ನೀರು ತುಂಬಿ, ಆಮೇಲೆ ಸುಮಾರು ಒಂದು ಕಿಲೋ ಡಿಶ್‌ವಾಷರ್ ಉಪ್ಪು ಹಾಕಿ. ಅಡುಗೆಯ ಪುಡಿ ಉಪ್ಪು ಬೇಡ, ಅದರಲ್ಲಿ ಗಂಟು ಕಟ್ಟದಂತೆ ಬೆರೆಸಿರುವ ಪದಾರ್ಥ ಗಡಸುತನ ಹೀರುವ ಒಳಗಿನ ರೆಸಿನ್ ಮಣಿಗಳನ್ನು ಕೆಡಿಸುತ್ತದೆ. ಉಪ್ಪು ಹಾಕಿದ ಕೂಡಲೇ ಒಂದು ವಾಶ್ ಓಡಿಸಿ. ಚೆಲ್ಲಿದ ಉಪ್ಪುನೀರು ಹಾಗೇ ನಿಂತರೆ ಸ್ಟೀಲಿಗೆ ತುಕ್ಕಿನ ಚುಕ್ಕೆ ಬೀಳುತ್ತದೆ.

ಪಾತ್ರೆಯನ್ನು ನಲ್ಲಿಯಡಿ ತೊಳೆದು ಇಡಬೇಕಾಗಿಲ್ಲ. ಅನ್ನದಗುಳು, ಕರಿಬೇವು, ಸಾಸಿವೆ ಕೆರೆದು ತೆಗೆದರೆ ಸಾಕು. ಮುದ್ದೆ ಪಾತ್ರೆ ಮಾತ್ರ ಬೇರೆ: ರಾಗಿ ಒಣಗಿ ಹಿಡಿದುಕೊಂಡಿದ್ದರೆ ಅರ್ಧ ಗಂಟೆ ನೆನೆಸಲೇಬೇಕು. ಬಾಣಲೆ, ಬೋಗುಣಿ ಕೆಳಗಿನ ರ‍್ಯಾಕಿನಲ್ಲಿ ಬೋರಲಾಗಿ, ಲೋಟಗಳು ಮೇಲೆ ಕೊಂಚ ಓರೆಯಾಗಿ ಇರಲಿ. ಒಂದರೊಳಗೊಂದು ಸೇರಿಸಿಟ್ಟ ಊಟದ ಡಬ್ಬಿ ಹಾಕಿದ ಹಾಗೇ ಹೊರಬರುತ್ತದೆ. ಗುಂಡಿ ಒತ್ತುವ ಮುಂಚೆ ನೀರು ಚಿಮ್ಮಿಸುವ ತೋಳನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿ. ಉದ್ದದ ಸೌಟಿನ ಹಿಡಿ ಅಡ್ಡ ಬಂದರೆ ತೋಳು ನಿಂತುಬಿಡುತ್ತದೆ, ಅರ್ಧ ಪಾತ್ರೆ ಜಿಡ್ಡಾಗೇ ಉಳಿಯುತ್ತದೆ. ಅಲ್ಯೂಮಿನಿಯಂ ಹಾಕಿದರೆ ಕಪ್ಪಾಗುತ್ತದೆ, ಕಬ್ಬಿಣದ ದೋಸೆ ಕಾವಲಿಯ ಪಳಗಿದ ಪದರ ಹೋಗುತ್ತದೆ. ಹಿತ್ತಾಳೆ, ಮರದ ಸೌಟು ಕೂಡ ಬೇಡ. ದಿನದ ಪಾತ್ರೆಗೆ ಎಕೋ ಎಂಬ ಮಿತಬಳಕೆಯ ಪ್ರೋಗ್ರಾಂ ಸಾಕು, ಹತ್ತು ಲೀಟರ್ ಆಸುಪಾಸಿನ ನೀರಿನಲ್ಲಿ ಮುಗಿಯುತ್ತದೆ, ಆದರೆ ಮೂರು ಗಂಟೆ ಮೀರುತ್ತದೆ. ಎಣ್ಣೆ ಬಾಣಲೆಗೆ 70 ಡಿಗ್ರಿಯ ಇಂಟೆನ್ಸಿವ್ ಇಡಿ. ವಾರಕ್ಕೊಮ್ಮೆ ತಳದ ಫಿಲ್ಟರ್ ತಿರುಗಿಸಿ ತೆಗೆದು ತೊಳೆಯದಿದ್ದರೆ ವಾಸನೆ ಶುರುವಾಗುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಹೆಂಗಸಿನ ಕೆಲಸ ಇಳಿಯದ ಮನೆಗಳು ಬೇಕಾದಷ್ಟಿವೆ. ಕಾರಣ ಬೆಳಗಿನ ಹೊತ್ತಿನಲ್ಲಿದೆ. ರಾತ್ರಿ ಪಾತ್ರೆ ಜೋಡಿಸಿ ಗುಂಡಿ ಒತ್ತುವುದನ್ನು ಗಂಡಸರು ಖುಷಿಯಿಂದಲೇ ವಹಿಸಿಕೊಳ್ಳುತ್ತಾರೆ, ಅದು ಕಣ್ಣಿಗೆ ಕಾಣುವ ಕೆಲಸ. ಬೆಳಿಗ್ಗೆ ಆರೂವರೆಗೆ ಒಲೆ ಹಚ್ಚುವ ಹೊತ್ತಿಗೆ ಕುಕ್ಕರೂ ಮಕ್ಕಳ ಡಬ್ಬಿಯೂ ಯಂತ್ರದೊಳಗೇ ಇರುತ್ತವೆ. ತೆಗೆದಿಡುವವರು ಯಾರು? ಒಲೆ ಮುಂದೆ ನಿಂತವರು. ತೆಗೆಯದೆ ಬಿಟ್ಟರೆ ತಿಂಡಿಯ ಮುಸುರೆ ಸಿಂಕಿನಲ್ಲಿ ಬೀಳುತ್ತದೆ, ಆಫೀಸಿಗೆ ಹೊರಡುವ ಮುಂಚೆ ಅದನ್ನು ಕೈಯಲ್ಲಿ ತಿಕ್ಕುವುದೂ ಅವರೇ.

ಹಾಗಾಗಿ ಕೆಲಸ ಹಂಚುವಾಗ ತುಂಡು ಮಾಡಿ ಹಂಚಬೇಡಿ. ರಾತ್ರಿ ತುಂಬಿಸುವವರೇ ಬೆಳಿಗ್ಗೆ ಅಡುಗೆ ಶುರುವಾಗುವ ಮುಂಚೆ ಖಾಲಿ ಮಾಡಬೇಕು. ಕೆಳಗಿನ ರ‍್ಯಾಕಿನಿಂದ ಶುರು ಮಾಡಿದರೆ ಮೇಲಿನ ಲೋಟಗಳ ಬುಡದಲ್ಲಿ ನಿಂತ ನೀರು ಒಣಗಿದ ತಟ್ಟೆಗಳ ಮೇಲೆ ಸುರಿಯುವುದಿಲ್ಲ. ಉಪ್ಪು, ಡಿಟರ್ಜೆಂಟ್, ರಿನ್ಸ್ ಏಡ್ (ಪಾತ್ರೆ ಕಲೆಯಿಲ್ಲದೆ ಒಣಗಲು ಹಾಕುವ ದ್ರವ) ತರಿಸುವುದು, ಫಿಲ್ಟರ್ ತೊಳೆಯುವುದು ಕೂಡ ಅವರದ್ದೇ. 'ಉಪ್ಪಿನ ಲೈಟ್ ಬಂದಿದೆ ನೋಡು' ಎಂದು ಹೆಂಡತಿಗೆ ಹೇಳಿ ಹೋದರೆ ನೆನಪಿಟ್ಟುಕೊಳ್ಳುವ ಹೊರೆ ಅವಳ ಮೇಲೇ ಉಳಿಯುತ್ತದೆ. ಇಲ್ಲಿ ಹೆಂಗಸರೂ ಒಂದು ಮಾತು ಪಾಲಿಸಬೇಕು: ಗಂಡ ಜೋಡಿಸಿದ್ದನ್ನು ಮತ್ತೆ ತೆಗೆದು ಸರಿಮಾಡಬೇಡಿ. ಜಿಡ್ಡು ಉಳಿದ ಡಬ್ಬಿ ಮಾರನೆಯ ದಿನ ಅವರ ಕೈಗೇ ಸಿಕ್ಕರೆ ಜೋಡಣೆ ತಾನಾಗಿ ಸರಿಹೋಗುತ್ತದೆ.

ಅಡುಗೆ, ಮಕ್ಕಳ ಓದು ಇವುಗಳಿಗೆ ಇಂಥಲ್ಲಿ ಮುಗಿಯಿತು ಎಂಬ ಗೆರೆ ಇಲ್ಲ. ಪಾತ್ರೆ ಕೆಲಸಕ್ಕೆ, ಅದರಲ್ಲೂ ಯಂತ್ರ ಬಂದ ಮೇಲೆ, ಇದೆ. ಇಡಿಯಾಗಿ ಗಂಡಸರಿಗೆ ದಾಟಿಸಲು ಇದಕ್ಕಿಂತ ಸುಲಭದ ಕೆಲಸ ಅಡುಗೆಮನೆಯಲ್ಲಿ ಇನ್ನೊಂದಿಲ್ಲ. ಈ ಒಂದು ಕಾರಣಕ್ಕೇ ಕೊಳ್ಳಬಹುದು ಎನ್ನುತ್ತೇನೆ. ಒಂದು ಯಂತ್ರದೊಳಗಿದ್ದಾಗ ಬಳಸಲು ಎರಡನೇ ಕುಕ್ಕರ್, ಇನ್ನೊಂದು ಜೊತೆ ಡಬ್ಬಿಗೂ ಹಣ ತೆಗೆದಿಡಿ.

ಕೂರಿಸಲು ಬರುವ ತಂತ್ರಜ್ಞರು ಡೆಮೊ ಕೊಡುವುದು ಸಾಮಾನ್ಯವಾಗಿ ಮನೆಯಲ್ಲಿರುವ ಹೆಂಗಸಿಗೆ. ಆ ದಿನ ರಜೆ ಹಾಕಬೇಕಾದವರು ಯಂತ್ರ ನಡೆಸಲಿರುವವರು. ಬಿಲ್ಲಿನಲ್ಲಿ, ವಾರಂಟಿಯಲ್ಲಿ ಅವರ ಮೊಬೈಲ್ ನಂಬರನ್ನೇ ಬರೆಸಿ, ಸರ್ವಿಸ್‌ನವರ ಕರೆ ಅವರಿಗೇ ಹೋಗಲಿ.