ಸುದ್ದಿ ಚಾನೆಲ್, ಐದು ವರ್ಷದ ಮಗಳು: ನಾವು ಮಾಡಿ ನೋಡಿದ ಉಪಾಯಗಳು

2025ರ ಮೇ 8, ಬೆಳಿಗ್ಗೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಹಾಲ್‌ನಲ್ಲಿ ದೋಸೆ ತಿನ್ನುತ್ತಿದ್ದ ಮಗಳು ತಟ್ಟೆ ಬಿಟ್ಟು ಓಡಿಹೋಗಿ ಮಂಚದ ಕೆಳಗೆ ನುಸುಳಿದಳು. ಎಷ್ಟು ಕರೆದರೂ ಬರಲಿಲ್ಲ. ನಾನೇ ಬಗ್ಗಿ ನೋಡಿದೆ. "ಸೈರನ್ ಆಯ್ತಲ್ವಾ, ಬಾಂಬ್ ಬರುತ್ತೆ" ಅಂದಳು. ಕೈಯಲ್ಲಿ ಚಟ್ನಿ ಹಾಗೇ ಇತ್ತು.

ಹಿಂದಿನ ದಿನವೇ ಆಪರೇಷನ್ ಸಿಂಧೂರದ ಸುದ್ದಿ ಬಂದಿತ್ತು. ಅದೇ ದಿನ ದೇಶದ ಎಷ್ಟೋ ಕಡೆ, ನಮ್ಮ ಬೆಂಗಳೂರಿನ ಹಲಸೂರಿನಲ್ಲೂ, ದಾಳಿಯಾದರೆ ಏನು ಮಾಡಬೇಕು ಅಂತ ಸೈರನ್ ಊದಿ ಅಣಕು ಕವಾಯತು ನಡೆದಿತ್ತು. ನಮ್ಮ ಮನೆ ಹಲಸೂರಿಗೆ ಹತ್ತಿರವೇನಲ್ಲ, ನಿಜವಾದ ಸೈರನ್ ನಮಗೆ ಕೇಳಿಸಿಯೇ ಇಲ್ಲ. ಅವಳು ಕೇಳಿದ್ದೆಲ್ಲ ಟಿವಿಯಲ್ಲಿ. ಆಂಕರ್ ಮಾತಿನ ಹಿಂದೆ, ಜಾಹೀರಾತಿಗೆ ಮುಂಚೆ, ಗಡಿಯ ದೃಶ್ಯದ ಮೇಲೆ, ಎಲ್ಲ ಕಡೆ ಅದೇ ಕೂಗು.

ನಮ್ಮ ಮನೆಯಲ್ಲಿ ಮಗಳಿಗೆ ಐದು, ಮಗನಿಗೆ ಒಂಬತ್ತು, ಮಾವನವರಿಗೆ ಎಪ್ಪತ್ತೆರಡು. ಟಿವಿ ಒಂದೇ. ಬೇಸಿಗೆ ರಜೆ ಬೇರೆ. ಮುಂದಿನ ಎರಡು ವಾರ ಒಂದಾದ ಮೇಲೊಂದು ಉಪಾಯ ಮಾಡಿದೆವು.

ಮೊದಲು ಟಿವಿ ಪೂರ್ತಿ ಬಂದ್. ಮಗಳ ಮಟ್ಟಿಗೆ ಇದೇ ಸರಿ ಅಂತ ಈಗಲೂ ಅನ್ನಿಸುತ್ತದೆ. ಆ ರಾತ್ರಿ ಎದ್ದು ಕೂರಲಿಲ್ಲ. ಆದರೆ ಮಗ ಕೆಳಗೆ ಆಡಲು ಹೋದವನು ಸುದ್ದಿ ಹೊತ್ತು ತಂದ: "ಇವತ್ತು ರಾತ್ರಿ ಬೆಂಗಳೂರಿಗೂ ಹಾಕ್ತಾರಂತೆ, ಮೂರನೇ ಮಹಡಿ ಅಣ್ಣ ಹೇಳ್ದ." ಟಿವಿ ಹೇಳದೇ ಇದ್ದುದನ್ನು ಮೂರನೇ ಮಹಡಿ ಹೇಳಿತು! ಇತ್ತ ಮಾವನವರು ಫೋನಿನಲ್ಲಿ ವಾಟ್ಸಾಪ್ ವಿಡಿಯೊ ಹಾಕಿಕೊಂಡು ಕೂತರು, ಫುಲ್ ವಾಲ್ಯೂಮ್. ಎಲ್ಲಿಯದೋ, ಯಾವಾಗಿನದೋ ದೃಶ್ಯಗಳು. ಅದಕ್ಕಿಂತ ಟಿವಿಯೇ ವಾಸಿ ಅನ್ನಿಸಿಬಿಟ್ಟಿತು.

ಆಮೇಲೆ ಮ್ಯೂಟ್. ಸೌಂಡ್ ಇಲ್ಲದಿದ್ದರೆ ಏನಾಗುತ್ತೆ ಅಂದುಕೊಂಡೆವು. ಒಂದು ಮನೆ ಹೊತ್ತಿ ಉರಿಯುವ ತುಣುಕನ್ನು ಸುತ್ತಿ ಸುತ್ತಿ ತೋರಿಸುತ್ತಿದ್ದರು. ಮಗಳು ಬೆರಳು ಮಡಿಸುತ್ತ ಕೂತಿದ್ದಳು. "ಅಮ್ಮಾ, ಇದು ಏಳನೇ ಮನೆ." ನನಗೆ ಎದೆ ಧಸಕ್ಕೆಂದಿತು. ನಮಗೆ ಅದು ಮತ್ತೆ ಹಾಕಿದ ವಿಡಿಯೊ. ಅವಳಿಗೆ ಪ್ರತಿಸಲವೂ ಹೊಸ ಮನೆ, ಹೊಸ ಬೆಂಕಿ. 2001ರಲ್ಲಿ ನ್ಯೂಯಾರ್ಕ್‌ನ ಅವಳಿ ಕಟ್ಟಡಗಳ ಮೇಲೆ ದಾಳಿ ಆದಾಗಲೂ ಪುಟ್ಟ ಮಕ್ಕಳು ಹೀಗೇ ಅಂದುಕೊಂಡಿದ್ದರಂತೆ, ವಿಮಾನ ಬಡಿದದ್ದನ್ನು ತೋರಿಸಿದಷ್ಟು ಸಲವೂ ಇನ್ನೊಂದು ಕಟ್ಟಡ ಬಿತ್ತು ಅಂತ. ಓದಿದ್ದೆ, ಆದರೆ ನಮ್ಮ ಮನೆ ಹಾಲ್‌ನಲ್ಲೇ ನೋಡುತ್ತೇನೆ ಅಂದುಕೊಂಡಿರಲಿಲ್ಲ. ಅಷ್ಟು ಸಾಲದು ಅಂತ ಮಗ ಕೆಳಗೆ ಓಡುವ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಜೋರಾಗಿ ಓದಿದ. "ಕ್ಷಿ... ಪ... ಣಿ. ಅಮ್ಮಾ, ಕ್ಷಿಪಣಿ ಅಂದ್ರೇನು?" ಮ್ಯೂಟ್ ಮಾಡಿದ್ದು ದಂಡ.

ಸೆಟ್‌ಟಾಪ್ ಬಾಕ್ಸ್‌ಗೆ ಲಾಕ್ ಹಾಕಿದ್ದೂ ಆಯಿತು. ಪಿನ್ ಮಾವನವರಿಗೆ ಮರೆತುಹೋಯಿತು, ಮಗನಿಗೆ ನೆನಪಿತ್ತು. ಆ ಕತೆ ಅಲ್ಲಿಗೆ ಮುಗೀತು.

ಇಯರ್‌ಫೋನ್ ಮೇಲೆ ನನಗೆ ತುಂಬ ನಂಬಿಕೆ ಇತ್ತು. ಟಿವಿ ಬದಿಗೆ ತಿರುಗಿಸಿ, ಮಾವನವರ ಕಿವಿಗೆ ಬ್ಲೂಟೂತ್ ಸಿಕ್ಕಿಸಿದೆವು. ಈಗ ಮಗಳಿಗೆ ದೃಶ್ಯವೂ ಇಲ್ಲ, ಶಬ್ದವೂ ಇಲ್ಲ. ಆದರೆ ತಾತ ಇದ್ದಾರಲ್ಲ! ಸುಮ್ಮನೆ ಕೂತವರು ಇದ್ದಕ್ಕಿದ್ದಂತೆ "ಅಯ್ಯೋ ರಾಮ!" ಅನ್ನೋರು. ಇಯರ್‌ಫೋನ್ ಹಾಕಿದವರ ದನಿ ಜಾಸ್ತಿಯೇ ಇರುತ್ತೆ, ಗೊತ್ತಲ್ಲ. ಮಗಳು ಬಣ್ಣದ ಪುಸ್ತಕ ಬಿಟ್ಟು ತಾತನ ಮುಖವನ್ನೇ ನೋಡುತ್ತಿದ್ದಳು. ಏನಾಯಿತು ಅಂತ ಗೊತ್ತಾಗದೆ, ಏನೋ ಆಗಿದೆ ಅಂತ ಮಾತ್ರ ಗೊತ್ತಾಗುವುದು ಇನ್ನೂ ಕೆಟ್ಟದ್ದು.

ಮಗನ ವಿಷಯದಲ್ಲಿ ಕೆಲಸ ಕೊಟ್ಟದ್ದು ಜೊತೆಯಲ್ಲಿ ಕೂತು ನೋಡಿದ್ದು. ದಿನಕ್ಕೆ ಒಂದೇ ವಾರ್ತೆ, ಸಂಜೆ 7ಕ್ಕೆ ಚಂದನ. ಅಲ್ಲಿ ಕಿರುಚಾಟ ಇಲ್ಲ, ಓದಿ ಮುಗಿಸುತ್ತಾರೆ. ಮುಗಿದ ಮೇಲೆ ಭೂಪಟ ಹರಡಿ ಬೆಂಗಳೂರಿನಿಂದ ಶ್ರೀನಗರಕ್ಕೆ ದಾರ ಹಿಡಿದು ಅಳೆದೆವು. ಎರಡು ಸಾವಿರ ಕಿಲೋಮೀಟರ್‌ಗೂ ಜಾಸ್ತಿ. ಹಾಸನದ ಅಜ್ಜಿ ಮನೆಗೆ ಹತ್ತು ಸಲ ಹೋದಷ್ಟು ದೂರ ಹೋದರೂ ಸಿಗಲ್ಲ ಅಂದೆ. ಮೂರನೇ ಮಹಡಿ ಅಣ್ಣನ ಮಾತು ಅಲ್ಲಿಗೆ ಸತ್ತಿತು. ಆದರೆ ಎರಡನೇ ದಿನವೇ "ಹಾಗಾದ್ರೆ ಅಲ್ಲಿರೋ ಮಕ್ಕಳು?" ಅಂದ. ಜಮ್ಮು-ಕಾಶ್ಮೀರದ ಗಡಿಯ ಪೂಂಚ್‌ನಲ್ಲಿ ಮನೆಗಳ ಮೇಲೆ ಶೆಲ್ ಬಿದ್ದು ಜನ ಸತ್ತಿದ್ದರು. ಇಲ್ಲ ಅನ್ನಲಾಗಲಿಲ್ಲ. ಹೌದು, ಅವರಿಗೆ ಕಷ್ಟ ಆಗಿದೆ ಅಂದೆ. ಅವನು ದಾರ ಸುತ್ತುತ್ತ ಕೂತ. ಭೂಪಟಕ್ಕೆ ಅಷ್ಟೇ ಶಕ್ತಿ.

ಮಗಳಿಗೆ ಈ ಏಳು ಗಂಟೆಯ ವಾರ್ತೆಯೂ ಬೇಡ. ಆ ಹೊತ್ತಿಗೆ ನಮ್ಮವರು ಅವಳನ್ನು ಕೆಳಗೆ ಸೈಕಲ್ ಹೊಡೆಯಲು ಕರೆದುಕೊಂಡು ಹೋಗುತ್ತಾರೆ. ಒಂದೇ ಮನೆಯ ಇಬ್ಬರು ಮಕ್ಕಳಿಗೆ ಒಂದೇ ನಿಯಮ ಅಂತ ಹೊರಟದ್ದೇ ನಮ್ಮ ತಪ್ಪು.

ಮೇ 10ರಂದು ಕೇಂದ್ರ ಗೃಹ ಇಲಾಖೆಯ ನಾಗರಿಕ ರಕ್ಷಣಾ ವಿಭಾಗ ಚಾನೆಲ್‌ಗಳಿಗೆ ಒಂದು ಸೂಚನೆ ಕೊಟ್ಟಿತು: ಜನರಿಗೆ ತಿಳಿವಳಿಕೆ ಕೊಡಲು ಬಿಟ್ಟರೆ ಬೇರೆ ಯಾವುದಕ್ಕೂ ಸೈರನ್ ಶಬ್ದ ಬಳಸಬೇಡಿ, ಬಳಸಿ ಬಳಸಿ ನಿಜವಾದ ಸೈರನ್‌ಗೇ ಜನ ಕಿವಿಗೊಡದಂತಾದೀತು ಅಂತ. ಮಕ್ಕಳ ಮಾತು ಅದರಲ್ಲಿರಲಿಲ್ಲ. ಆದರೂ ನನ್ನ ಐದು ಉಪಾಯಗಳಿಗಿಂತ ಅದೇ ಜಾಸ್ತಿ ಉಪಕಾರ ಮಾಡಿತು. ನಾವು ಕಣ್ಣು ಮುಚ್ಚಿಸುವುದರಲ್ಲೇ ಇದ್ದೆವು, ಅವಳ ಭಯ ಇದ್ದದ್ದು ಕಿವಿಯಲ್ಲಿ. ಕುಕ್ಕರ್ ಇಡುವ ಮುಂಚೆ ಅವಳನ್ನು ಕರೆದು "ಮೂರು ಸಲ ಕೂಗುತ್ತೆ, ಎಣಿಸು" ಅಂತ ಹೇಳಲು ಶುರು ಮಾಡಿದೆ. ಎಣಿಸುವುದು ಅವಳಿಗೆ ಹೇಗೂ ಇಷ್ಟ.

ಮಾವನವರಿಗೆ ಈಗ ಬೆಳಿಗ್ಗೆ 7.05ಕ್ಕೆ ಆಕಾಶವಾಣಿಯ ಪ್ರದೇಶ ಸಮಾಚಾರ, ಆಮೇಲೆ ಪೇಪರ್. ಮಕ್ಕಳು ಮಲಗಿದ ಮೇಲೆ, ಒಂಬತ್ತೂವರೆಗೆ ಟಿವಿ ಅವರದ್ದೇ, ಬಾಗಿಲು ಹಾಕಿಕೊಂಡು. ರೇಡಿಯೊ ಬಗ್ಗೆ ಅವರದ್ದು ಒಂದೇ ತಕರಾರು: "ಯಾರೂ ಜಗಳಾನೇ ಆಡಲ್ಲಮ್ಮ, ಸಪ್ಪೆ."